ಪದ ಹಾಡ್ತಾರೆ, ಮಾತು ಬರಲ್ಲ: ಅಪ್ಪನ ಮೆದುಳಲ್ಲಿ ಏನಾಗಿದೆ?

ಸುಳ್ಯದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಕೋಬೇಡಿ.

ಮಳೆಗಾಲ ಹಿಡಿಯುವ ಹೊತ್ತಿಗೆ ಅಪ್ಪನಿಗೆ ಸ್ಟ್ರೋಕ್ ಆಯ್ತು. ವಯಸ್ಸು 68. ಬೆಳಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿತು. ಬಾಯಿ ಒಂದು ಕಡೆಗೆ ವಾಲಿತು. ಮಾತು ನಿಂತೇ ಹೋಯ್ತು. ನಮ್ಮದು ಘಟ್ಟದ ಬುಡದ ಊರು, ಆಸ್ಪತ್ರೆ ಮುಟ್ಟುವಾಗ ತಡವಾಗಿತ್ತು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ಸಮಯ ದಾಟಿದೆ ಅಂದರು. ಈಗ ಕಾಲು ಹೆಚ್ಚುಕಮ್ಮಿ ಸರಿಯಾಗಿದೆ, ಕೋಲು ಹಿಡಿದು ಅಂಗಳದಲ್ಲಿ ನಡೀತಾರೆ. ಬಲಗೈ ಇನ್ನೂ ಸೋತೇ ಇದೆ. ಮಾತಂತೂ ಇಲ್ಲ.

ಅಪ್ಪ ಅಡಿಕೆ ತೋಟ ನೋಡಿಕೊಂಡವರು. ಆದರೆ ಊರಲ್ಲಿ ಹೆಸರಿರುವುದು ತಾಳಮದ್ದಳೆಯ ಅರ್ಥಧಾರಿ ಅಂತ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಭಾಗವತರು ಪದ, ಅಂದರೆ ಹಾಡು, ಹಾಡುತ್ತಾರೆ. ಅರ್ಥಧಾರಿ ಪಾತ್ರವಾಗಿ ಮಾತಾಡುತ್ತಾರೆ, ಆ ಮಾತಿಗೇ ಅರ್ಥ ಅನ್ನುವುದು. ಕೌರವನ ಅರ್ಥ ಹೇಳಲು ಕೂತರೆ ಎದುರಿನ ಕೃಷ್ಣ ನೀರು ಕುಡಿಯಬೇಕು, ಹಾಗೆ ವಾದ ಹಾಕುತ್ತಿದ್ದರು. ಬರೆದುಕೊಂಡು ಹೋದವರಲ್ಲ. ಅಲ್ಲೇ ಹುಟ್ಟಬೇಕು, ಅಲ್ಲೇ ಹೇಳಬೇಕು. ಅಂಥವರ ಬಾಯಲ್ಲಿ ಈಗ ಬರುವುದು "ಅದು... ಅದು..." ಅಷ್ಟೇ. ನೀರು ಬೇಕಿದ್ದರೂ "ಅದು", ಕರೆಂಟ್ ಹೋದರೂ "ಅದು".

ಇದರ ಮಧ್ಯೆ ಒಂದು ವಿಚಿತ್ರ ನಡೀತು. ನಮ್ಮ ನೆರೆಮನೆಯ ಮಾವ ಭಾಗವತಿಕೆ ಮಾಡುವವರು. ನೋಡಲು ಬಂದವರು ಸುಮ್ನೆ ಕೂತಲ್ಲೇ ಒಂದು ಪದ ಎತ್ತಿದರು. ಎರಡನೇ ಸಾಲಿಗೆ ಅಪ್ಪನೂ ಸೇರಿಕೊಂಡರು! ಪೂರ್ತಿ ಪದ ಹಾಡಿದರು. ಸಾಹಿತ್ಯ ಎಲ್ಲೂ ತಪ್ಪಲಿಲ್ಲ, ತಾಳವೂ ತಪ್ಪಲಿಲ್ಲ. ಪದ ಮುಗಿದ ಮೇಲೆ ಮಾವ ಅಭ್ಯಾಸಬಲದಿಂದ "ಹೂಂ, ಅರ್ಥ ಹೇಳಿ" ಅಂದುಬಿಟ್ಟರು. ಅಪ್ಪ ಗಂಟಲು ಸರಿ ಮಾಡಿಕೊಂಡು ಬಾಯಿ ತೆರೆದರು. "ಅದು... ಅದು..." ಅಮ್ಮ ಎದ್ದು ಒಳಗೆ ಹೋದರು.

ಇನ್ನೂ ಕೆಲವು ಇವೆ. ಒಂದು, ಎರಡು ಅಂತ ಶುರು ಮಾಡಿಕೊಟ್ಟರೆ ಇಪ್ಪತ್ತರವರೆಗೆ ಎಣಿಸುತ್ತಾರೆ. ಆದರೆ "ಮಕ್ಕಳೆಷ್ಟು?" ಅಂದರೆ ಎರಡು ಅನ್ನಲು ಬರುವುದಿಲ್ಲ, ಬೆರಳು ತೋರಿಸ್ತಾರೆ. ತೋಟಕ್ಕೆ ಮಂಗ ಬಂದರೆ ತುಳುವಿನಲ್ಲಿ ಚೆನ್ನಾಗಿ ಬೈಗುಳ ಬರುತ್ತದೆ, ಅದೂ ಸ್ಪಷ್ಟವಾಗಿ.

ಮನೆಯಲ್ಲಿ ಈಗ ಎರಡು ಪಕ್ಷ. ಚಿಕ್ಕಪ್ಪ "ಹಾಡಲು ಬರುವವನಿಗೆ ಮಾತಾಡಲು ಯಾಕೆ ಬರಲ್ಲ? ಎಲ್ಲ ಹಟ" ಅನ್ನುತ್ತಾರೆ. ಅತ್ತೆ "ಅಣ್ಣನ ಬುದ್ಧಿಗೇ ಪೆಟ್ಟು ಬಿದ್ದಿದೆ, ಈಗ ಏನು ಹೇಳಿದರೂ ಗೊತ್ತಾಗಲ್ಲ" ಅಂತ ತೋಟದ ಪಾಲಿನ ವಿಚಾರ ಅಪ್ಪನ ಎದುರೇ ತೆಗೀತಾರೆ. ಆಸ್ಪತ್ರೆಯಲ್ಲಿ ಕೇಳಿದರೆ "ಎಡ ಮೆದುಳಿಗೆ ರಕ್ತ ನಿಂತಿದೆ, ನಿಧಾನಕ್ಕೆ ಬರಬಹುದು" ಅಂದರು, ಅಷ್ಟೇ. ಮೆದುಳಿನೊಳಗೆ ನಿಜವಾಗಿ ಏನು ನಡೆದಿದೆ ಅಂತ ಗೊತ್ತಿದ್ದವರು ಬಿಡಿಸಿ ಹೇಳ್ತೀರಾ?

ಕುಡ್ಲದ ಮಾರಾಯ

ಇದು ಸುಲಭ ಮಾರಾಯ್ರೇ. ಎಡ ಮೆದುಳು ಲೆಕ್ಕ, ಮಾತು, ತರ್ಕಕ್ಕೆ. ಬಲ ಮೆದುಳು ಸಂಗೀತ, ಕಲೆಗೆ. ನಿಮ್ಮ ಅಪ್ಪನ ಎಡಭಾಗ ಹೋಗಿದೆ, ಬಲಭಾಗ ಚೆನ್ನಾಗಿದೆ, ಹಾಗಾಗಿ ಪದ ಬರ್ತದೆ. ಹೇಗೂ ನಾವು ಮೆದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸುವುದು. ಉಳಿದದ್ದನ್ನು ಎಬ್ಬಿಸಬೇಕು. ದಿನಾ ತಿಮರೆ (ಒಂದೆಲಗ) ಚಟ್ನಿ ಕೊಡಿ. ನನ್ನ ಅಜ್ಜಿ ತೊಂಬತ್ತರ ತನಕ ಅದನ್ನೇ ತಿಂದದ್ದು, ಒಂದು ಹೆಸರು ಮರೆತವರಲ್ಲ.

ಒಂಟಿಕೊಪ್ಪಲಿನಾಕೆ

ನಾನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಸ್ಪೀಚ್ ಥೆರಪಿಸ್ಟ್ ಆಗಿದ್ದವಳು. ಈಗ ನಿವೃತ್ತಿ. ಸ್ಟ್ರೋಕ್ ಆಗಿ ಮಾತು ಹೋದವರ ಜೊತೆಯಲ್ಲೇ ಕೆಲಸದ ಬದುಕು ಕಳೆದದ್ದು. ನಿಮ್ಮ ತಂದೆಯವರನ್ನು ನೋಡಿಲ್ಲ. ನೀವು ಬರೆದದ್ದನ್ನು ನಂಬಿ ಹೇಳುತ್ತಿದ್ದೇನೆ. ಕೊನೆಯ ಮಾತು ಅವರನ್ನು ಕಣ್ಣಾರೆ ಕಂಡ ವೈದ್ಯರದ್ದು.

ಎಲ್ಲಕ್ಕಿಂತ ಮೊದಲು, ಆ ಪಾಲಿನ ಮಾತು ಅವರ ಎದುರು ನಿಲ್ಲಿಸಿ. ಇವತ್ತೇ. ಅವರಿಗೆ ಬಹುಪಾಲು ಅರ್ಥವಾಗುತ್ತಿದೆ. ಮಕ್ಕಳೆಷ್ಟು ಅಂದಾಗ ಎರಡು ಬೆರಳು ತೋರಿಸಿದರಲ್ಲ, ಪ್ರಶ್ನೆ ಗೊತ್ತಾಗದೆ ತೋರಿಸಿದರಾ? ನಿಮ್ಮ ಅತ್ತೆಗೆ ನಂಬಿಕೆ ಬರದಿದ್ದರೆ ಅವರ ಎದುರೇ ಕೇಳಿ: "ಅಪ್ಪಾ, ಅಡಿಕೆ ಮರದಲ್ಲಿ ಹಲಸು ಬಿಡ್ತದಾ?" ತಲೆ ಅಲ್ಲಾಡಿಸಿ ನಕ್ಕರೆ ಮುಗಿಯಿತು. ಸುತ್ತಿ ಬಳಸಿದ ವಾಕ್ಯಕ್ಕೆ ಮಾತ್ರ ತಡವರಿಸಬಹುದು. "ರಾಮನಿಂದ ಹೊಡೆಸಿಕೊಂಡ ಭೀಮ ಓಡಿದ, ಹೊಡೆದವನು ಯಾರು?" ಅಂತ ಕೇಳಿದರೆ ತಪ್ಪಬಹುದು. ಅದು ಬುದ್ಧಿ ಹೋದದ್ದಲ್ಲ, ವ್ಯಾಕರಣ ಬಿಡಿಸುವುದು ಕಷ್ಟವಾಗಿದೆ ಅಷ್ಟೇ.

ಈಗ ಒಳಗೆ ಏನಾಗಿದೆ ಅಂತ. ಎಡ ಕಣತಲೆಯ ಮೇಲೆ ಬೆರಳಿಡಿ, ಕಣ್ಣಿಗೂ ಕಿವಿಗೂ ನಡುವೆ, ಸ್ವಲ್ಪ ಮೇಲಕ್ಕೆ. ಆ ಮೂಳೆಯ ಒಳಗಡೆ ಹೆಚ್ಚುಕಮ್ಮಿ ಅಲ್ಲೇ ಬ್ರೋಕಾ ಪ್ರದೇಶ ಅನ್ನುವ ಭಾಗ ಇದೆ. ಫ್ರಾಂಟಲ್ ಲೋಬ್ ಅನ್ನುತ್ತೇವಲ್ಲ, ಹಣೆಯ ಹಿಂದಿನ ದೊಡ್ಡ ಭಾಗ, ಅದರ ಕೆಳ ಅಂಚು. ಹೇಳಬೇಕಾದ್ದನ್ನು ಶಬ್ದಗಳಾಗಿ ಜೋಡಿಸಿ, ನಾಲಿಗೆ ತುಟಿ ಯಾವ ಕ್ರಮದಲ್ಲಿ ಆಡಬೇಕು ಅಂತ ಸಿದ್ಧ ಮಾಡುವ ಕೆಲಸದಲ್ಲಿ ಇದಕ್ಕೆ ದೊಡ್ಡ ಪಾಲು. ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಕೆಲಸದ ಮುಖ್ಯ ಜಾಗ ಬೇರೆ. ಅದು ಹಿಂದಕ್ಕೆ, ಎಡ ಕಿವಿಯ ಮೇಲೆ-ಹಿಂದೆ. 1874ರಲ್ಲಿ ಅದನ್ನು ವಿವರಿಸಿದ ಕಾರ್ಲ್ ವೆರ್ನಿಕೆ ಹೆಸರೇ ಅದಕ್ಕೆ ಉಳಿದಿದೆ. ಆಗ ಆತನಿಗೆ 26 ವರ್ಷ, ಇನ್ನೂ ಹುಡುಗ! ಅಲ್ಲಿ ಪೆಟ್ಟಾದವರದು ನಿಮ್ಮ ತಂದೆಗೆ ಪೂರಾ ಉಲ್ಟಾ. ಮಾತು ಧಾರಾಳವಾಗಿ ಹರಿಯುತ್ತದೆ, ಆದರೆ ತಲೆಬುಡ ಇರಲ್ಲ, ನಾವು ಹೇಳಿದ್ದೂ ಅವರಿಗೆ ಹತ್ತಲ್ಲ. ಎರಡೂ ಜಾಗಗಳ ನಡುವೆ ನರತಂತುಗಳ ದಪ್ಪ ಕಟ್ಟೊಂದು ಬಿಲ್ಲಿನಂತೆ ಬಾಗಿ ಹೋಗುತ್ತದೆ. ಮೆದುಳಿನ ಮೇಲಿನ ಬೂದು ಪದರ ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪ ಅಷ್ಟೇ. ಅದರ ಕೆಳಗಿನ ಬಿಳಿ ಭಾಗವೆಲ್ಲ ಇಂಥ ತಂತುಗಳೇ. ಸ್ಟ್ರೋಕ್ ಆದಾಗ ಮೇಲಿನ ಪದರ ಎಷ್ಟು ಹೋಯ್ತು ಅನ್ನುವಷ್ಟೇ ಮುಖ್ಯ, ಕೆಳಗಿನ ಈ ತಂತು ಎಷ್ಟು ಕಡಿಯಿತು ಅನ್ನುವುದು.

ಕಾಲು ಬೇಗ ಸರಿಯಾಗಿ ಕೈ ಯಾಕೆ ಸೋತಿದೆ ಅಂತ ನೀವು ಕೇಳಲಿಲ್ಲ, ಆದರೆ ಉತ್ತರ ಇದರಲ್ಲೇ ಇದೆ. ಬ್ರೋಕಾ ಪ್ರದೇಶದ ಬೆನ್ನಿಗೇ ಅಂಟಿಕೊಂಡು ಮೈ ಆಡಿಸುವ ಪಟ್ಟಿಯೊಂದು ನೆತ್ತಿಯಿಂದ ಕೆಳಗಿಳಿಯುತ್ತದೆ. ಅದರ ಕೆಳತುದಿಯಲ್ಲಿ ಬಾಯಿ, ಮುಖ. ಅದಕ್ಕಿಂತ ಮೇಲೆ ಕೈ. ಕಾಲಿನ ಜಾಗ ನೆತ್ತಿ ದಾಟಿ, ಮೆದುಳಿನ ಎಡ ಬಲ ಎರಡು ಅರ್ಧಗೋಳಗಳ ನಡುವಿನ ಸಂದಿಯ ಒಳಗೋಡೆಯಲ್ಲಿದೆ. ಮಾತು, ಮುಖ, ಕೈ ಮೂರಕ್ಕೂ ರಕ್ತ ಬರುವುದು ಮಿಡಲ್ ಸೆರೆಬ್ರಲ್ ಅನ್ನುವ ಒಂದೇ ರಕ್ತನಾಳದ ಕೊಂಬೆಗಳಿಂದ. ಕಾಲಿಗೆ ಬೇರೆಯೇ ನಾಳ. ಗಡ್ಡೆ ಮೊದಲನೆಯದರಲ್ಲಿ ಸಿಕ್ಕಿಕೊಂಡಿದೆ. ಹಾಗಾಗಿ ಲೋಟ ಜಾರಿತು, ಬಾಯಿ ವಾಲಿತು, ಮಾತು ನಿಂತಿತು, ಎಲ್ಲ ಒಟ್ಟಿಗೆ. ಮೆದುಳಿನಿಂದ ಇಳಿಯುವ ತಂತುಗಳು ಬುಡದಲ್ಲಿ ಎಡದಿಂದ ಬಲಕ್ಕೆ ದಾಟುತ್ತವೆ. ಅದಕ್ಕೇ ಎಡಕ್ಕೆ ಪೆಟ್ಟಾದರೆ ಸೋಲುವುದು ಬಲಗೈ.

ಬ್ರೋಕಾ ಯಾರು ಅಂತ ಹೇಳಿದರೆ ನಿಮ್ಮ ತಂದೆಯ ಕಥೆ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ. ಪ್ಯಾರಿಸ್ ಪಕ್ಕದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ಞ್ ಅಂತ ಒಬ್ಬ ರೋಗಿ ಇದ್ದ. ಏನು ಕೇಳಿದರೂ "ತಾಂ, ತಾಂ" ಅನ್ನುತ್ತಿದ್ದ. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ತಾಂ ಅಂತಲೇ ಕರೆಯುತ್ತಿದ್ದರು. 1861ರ ಏಪ್ರಿಲ್‌ನಲ್ಲಿ ಕಾಲು ಕೊಳೆತು ಪಾಲ್ ಬ್ರೋಕಾ ಅನ್ನುವ ಸರ್ಜನ್ ಹತ್ತಿರ ಬಂದ. ಎಷ್ಟು ವರ್ಷದಿಂದ ಇಲ್ಲಿದ್ದೀಯ ಅಂದಾಗ ಅಂಗೈಯನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಕೊನೆಗೆ ಒಂದು ಬೆರಳು ಎತ್ತಿದ. ಇಪ್ಪತ್ತೊಂದು. ಲೆಕ್ಕ ಸರಿಯಾಗಿಯೇ ಇತ್ತು. ಹೇಳಿದ್ದು ಯಾರಿಗೂ ತಿಳಿಯದೆ ಸಿಟ್ಟು ಬಂದಾಗ ಮಾತ್ರ ದೇವರ ಹೆಸರಿನಲ್ಲಿ ಒಂದು ಬೈಗುಳ ಸ್ಪಷ್ಟವಾಗಿ ಬೀಳುತ್ತಿತ್ತು. ನಿಮ್ಮ ಮನೆಯ ಮಂಗನ ಪ್ರಸಂಗವೇ, ಅಲ್ವಾ? ಅದೇ ತಿಂಗಳು ಆತ ತೀರಿಕೊಂಡ. ಬ್ರೋಕಾ ಮೆದುಳು ತೆಗೆದು ನೋಡಿದರೆ ಎಡ ಮುಂಭಾಗದಲ್ಲಿ ಗುಳಿ. ಆತ ಅದನ್ನು ಕೊಯ್ಯದೆ ಇಡಿಯಾಗಿ ಜಾಡಿಯಲ್ಲಿ ಇಟ್ಟದ್ದು ನಮ್ಮ ಪುಣ್ಯ. 2007ರಲ್ಲಿ ಅದನ್ನು ಎಂಆರ್‌ಐ ಮಾಡಿದಾಗ ಪೆಟ್ಟು ಮೇಲ್ಪದರದಲ್ಲಿ ಮಾತ್ರವಲ್ಲ, ಒಳಗಿನ ತಂತುಗಳವರೆಗೂ ಇಳಿದಿತ್ತು ಅಂತ ಕಂಡಿತು.

ಈಗ ಪದದ ವಿಷಯ. ತಾಳಮದ್ದಳೆ ನಾನು ಕೇಳಿದ್ದು ಕಡಿಮೆ. ಆದರೂ ನಿಮ್ಮ ಪ್ರಶ್ನೆಯ ಉತ್ತರ ಆ ಕೂಟದಲ್ಲೇ ಇದೆ. ಪದ ಮೊದಲೇ ಕಟ್ಟಿದ್ದು. ನೂರಾರು ಸಲ ಕೇಳಿ ಬಾಯಿಗೆ ಬಂದದ್ದು. ಒಂದು ಸಾಲು ಎತ್ತಿದರೆ ಮುಂದಿನದು ತಾನೇ ಹಿಂದೆ ಬರುತ್ತದೆ. ಅರ್ಥ ಹಾಗಲ್ಲ. ಕೃಷ್ಣ ಈಗ ಏನಂದ ಅಂತ ಕೇಳಿಸಿಕೊಂಡು, ಏನು ಹೇಳಬೇಕು ಅಂತ ಯೋಚಿಸಿ, ಶಬ್ದ ಹುಡುಕಿ, ವಿಭಕ್ತಿ ಕ್ರಿಯಾಪದ ಜೋಡಿಸಿ ಆ ಕ್ಷಣಕ್ಕೆ ಹೊಸದಾಗಿ ಕಟ್ಟಬೇಕು. ಮೆದುಳಿಗೆ ಇವೆರಡೂ ಬೇರೆ ಬೇರೆ ಕೆಲಸ. ಒಂದರಿಂದ ಇಪ್ಪತ್ತು ಎಣಿಸುವುದು, ಶ್ಲೋಕ, ವಾರಗಳ ಹೆಸರು, "ನಮಸ್ಕಾರ, ಚೆನ್ನಾಗಿದ್ದೀರಾ", ಬೈಗುಳ, ಎಲ್ಲ ಪದದ ಸಾಲಿಗೆ ಸೇರುತ್ತವೆ. "ಎರಡು ಮಕ್ಕಳು" ಅನ್ನುವ ಎರಡೇ ಶಬ್ದದ ಉತ್ತರ ಅರ್ಥದ ಸಾಲಿಗೆ. ಇಂಗ್ಲೆಂಡಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ 19ನೇ ಶತಮಾನದಲ್ಲೇ ಈ ಎರಡನ್ನು ಬೇರೆ ಮಾಡಿ ತೋರಿಸಿದ್ದ. ಅದಕ್ಕೂ ಮುಂಚೆ, 1745ರಲ್ಲಿ, ಸ್ವೀಡನ್ನಿನ ಓಲೊಫ್ ಡಾಲಿನ್ ಎಂಬಾತ ಇಂಥ ಒಬ್ಬನ ಬಗ್ಗೆ ಬರೆದಿದ್ದಾನೆ. ಮಾತು ಹೋಗಿದೆ, ಆದರೆ ಮೊದಲು ಕಲಿತ ಚರ್ಚಿನ ಹಾಡು ಬರುತ್ತದೆ.

ಹಾಗಾದರೆ ಪದ ಎಲ್ಲಿಂದ ಬರುತ್ತದೆ? ಬಲ ಅರ್ಧಗೋಳದ ಪಾಲು ಇದೆ. ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಅಂತ ನರಕೋಶಗಳ ಗಂಟುಗಳಿವೆ. ರೂಢಿಯಾದ ಚಲನೆಗಳನ್ನು ಒಂದರ ಹಿಂದೆ ಒಂದು ಓಡಿಸುವುದರಲ್ಲಿ ಅವಕ್ಕೂ ಪಾಲು. ಇದಕ್ಕೆ ಒಂದು ಚಂದದ ಸಾಕ್ಷಿ ಇದೆ. 1993ರಲ್ಲಿ ಒಬ್ಬ ಮುದುಕರ ವಿಷಯ ವರದಿಯಾಯಿತು. ಹೀಬ್ರೂ, ಫ್ರೆಂಚ್ ಎರಡೂ ಮಾತಾಡುವವರು. ಪೆಟ್ಟು ಬಿದ್ದದ್ದು ಬಲಗಡೆಯ ಬೇಸಲ್ ಗ್ಯಾಂಗ್ಲಿಯಾಕ್ಕೆ. ಅವರು ಸಾಮಾನ್ಯ ಮಾತು ಸರಿಯಾಗಿ ಆಡುತ್ತಿದ್ದರು. ದಿನಾ ಹೇಳುತ್ತಿದ್ದ ಪ್ರಾರ್ಥನೆ ಬರುತ್ತಿರಲಿಲ್ಲ, ಹಾಡು ಬರುತ್ತಿರಲಿಲ್ಲ, ಬೈಗುಳವೂ ಬರುತ್ತಿರಲಿಲ್ಲ! ನಿಮ್ಮ ಚಿಕ್ಕಪ್ಪನಿಗೆ ಇದನ್ನು ಓದಿ ಹೇಳಿ. ಒಬ್ಬರಿಗೆ ಪದ ಉಳಿದು ಅರ್ಥ ಹೋಯ್ತು, ಇನ್ನೊಬ್ಬರಿಗೆ ಅರ್ಥ ಉಳಿದು ಪದ ಹೋಯ್ತು. ಹಟ ಎಲ್ಲಿ ಬಂತು?

ಮೇಲಿನ ಮಾರಾಯರಿಗೆ ಎರಡು ಮಾತು. ಬಲಗೈ ಬಳಸುವವರಲ್ಲಿ ನೂರಕ್ಕೆ 95 ಮಂದಿಗೆ ಮಾತಿನ ಮುಖ್ಯ ಕೆಲಸ ಎಡಗಡೆ ಅನ್ನುವುದು ಸರಿ. ಆದರೆ ಒಂದು ಕಡೆ ಲೆಕ್ಕ, ಇನ್ನೊಂದು ಕಡೆ ಕಲೆ ಅಂತ ಪಾಲು ಮಾಡಿಕೊಟ್ಟದ್ದು ಮೆದುಳಲ್ಲ, ಪತ್ರಿಕೆಗಳು. ಸಂಗೀತಕ್ಕೆ ಎರಡೂ ಕಡೆ ಬೇಕು. ಹತ್ತು ಪರ್ಸೆಂಟ್ ಕಥೆಯಂತೂ ಶುದ್ಧ ಸುಳ್ಳು. ಮೆದುಳಿನ ತೂಕ ಸುಮಾರು 1.4 ಕಿಲೋ, ಮೈತೂಕದ ನೂರಕ್ಕೆ ಎರಡು ಪಾಲು. ಆದರೆ ತಿಂದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದೇ ಕಬಳಿಸುತ್ತದೆ. ಅಷ್ಟು ಖರ್ಚು ಮಾಡಿ ಮುಕ್ಕಾಲು ಭಾಗವನ್ನು ಸುಮ್ನೆ ಇಟ್ಟುಕೊಳ್ಳುವ ಜೀವಿ ಇಲ್ಲ. ನಿಮ್ಮ ತಂದೆಗೆ ಹೋದದ್ದು ಇಡೀ ಮೆದುಳಲ್ಲಿ ಸಣ್ಣ ಜಾಗ. ಆದರೂ ನಷ್ಟ ಎಷ್ಟು ದೊಡ್ಡದು ನೋಡಿ.

ಕುಡ್ಲದ ಮಾರಾಯ

ಅಬ್ಬ, ಮೇಡಂ! ಸರಿ, ಒಪ್ಪಿದೆ. ಚಟ್ನಿಯಾದರೂ ಕೊಡಬಹುದಾ?

ಒಂಟಿಕೊಪ್ಪಲಿನಾಕೆ

ಊಟಕ್ಕೆ ಕೊಡಿ, ರುಚಿಯಾಗಿರುತ್ತದೆ. ಅದನ್ನು ನಂಬಿ ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೆ ಎರಡನೇ ಸ್ಟ್ರೋಕ್ ಬಾಗಿಲಲ್ಲೇ ಇರುತ್ತದೆ.

ಸುಳ್ಯದವ

ಮೇಡಂ, ಎಷ್ಟು ಧನ್ಯವಾದ ಹೇಳಲಿ. ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಅಪ್ಪನೂ ಅಲ್ಲೇ ಕೂತಿದ್ದರು. ತಾಂ ಅಂಗೈ ಬಿಚ್ಚಿ ಲೆಕ್ಕ ಹೇಳಿದ ಜಾಗ ಬಂದಾಗ ಅಪ್ಪ ತೊಡೆ ತಟ್ಟಿ ನಕ್ಕರು. ಆಮೇಲೆ ಅಳು ಶುರುವಾಯ್ತು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಈಗ ಸಣ್ಣ ಸಣ್ಣದಕ್ಕೂ ಹೀಗೆ ಅಳು ಬರುತ್ತದೆ. ಟಿವಿಯಲ್ಲಿ ಯಾರಿಗೋ ಬಹುಮಾನ ಬಂದರೂ ಅಳು. ಮೊದಲು ಅಜ್ಜ ಸತ್ತಾಗಲೂ ಅತ್ತವರಲ್ಲ.

ಇನ್ನೂ ಮೂರು ಸಂಶಯ. ಒಂದು, ಸಿಟಿ ಸ್ಕ್ಯಾನ್ ಫಿಲ್ಮ್ ನಮ್ಮ ಹತ್ತಿರ ಇದೆ. ರಿಪೋರ್ಟಿನಲ್ಲಿ ಎಡ ಅಂತ ಬರೆದಿದ್ದಾರೆ, ಫಿಲ್ಮ್ ಬೆಳಕಿಗೆ ಹಿಡಿದರೆ ಕಪ್ಪು ಕಲೆ ಕಾಣುವುದು ಬಲಗಡೆ. ಬೇರೆ ಯಾರದ್ದೋ ಕೊಟ್ಟರಾ ಅಂತ ಭಯ. ಎರಡು, ನಮ್ಮ ಮನೆಮಾತು ತುಳು. ಅಪ್ಪ ಶಾಲೆ ಕಲಿತದ್ದು, ಅರ್ಥ ಹೇಳುತ್ತಿದ್ದದ್ದು ಕನ್ನಡದಲ್ಲಿ. ತರಬೇತಿ ಯಾವುದರಲ್ಲಿ ಕೊಡಿಸಬೇಕು? ಮೂರು, ಪದ ಹಾಡಿಸುತ್ತಾ ಹೋದರೆ ಮಾತು ತಿರುಗಿ ಬರ್ತದಾ? ಮಾವ ದಿನಾ ಸಂಜೆ ಬರಲು ತಯಾರಿದ್ದಾರೆ.

ಫಿಲ್ಮ್ ರೂಮಿನವನು

ಮೊದಲನೇದಕ್ಕೆ ನಾನು ಹೇಳ್ತೀನಿ. ದಾವಣಗೆರೆ ಕಡೆ ಸ್ಕ್ಯಾನ್ ಟೆಕ್ನೀಷಿಯನ್ ಆಗಿದ್ದೀನಿ. ಹೆದರಬೇಡಿ, ಫಿಲ್ಮ್ ನಿಮ್ಮಪ್ಪಂದೇ. ಮೂಲೆಯಲ್ಲಿ ಹೆಸರು, ವಯಸ್ಸು ಇರುತ್ತೆ, ಒಮ್ಮೆ ನೋಡಿಕೊಳ್ಳಿ. ಸಿಟಿ ಚಿತ್ರವನ್ನು ಮಲಗಿದ ಮನುಷ್ಯನ ಕಾಲ ಕಡೆಯಿಂದ ನೋಡಿದ ಹಾಗೆ ಜೋಡಿಸ್ತೀವಿ. ಅದಕ್ಕೇ ಅವರ ಎಡ ನಿಮ್ಮ ಬಲಕ್ಕೆ ಬರುತ್ತೆ. ಅಂಚಿನಲ್ಲಿ ಸಣ್ಣದಾಗಿ ಇಂಗ್ಲಿಷಿನ ಆರ್, ಎಲ್ ಅಕ್ಷರ ಇರುತ್ತೆ ನೋಡಿ. ಈ ಪ್ರಶ್ನೆ ಕೇಳದ ಮನೆಯವರೇ ಇಲ್ಲ ಅನ್ನಬಹುದು.

ಫಿಲ್ಮ್ ನೋಡೋದು ಹೀಗೆ. ಸುತ್ತ ಬೆಳ್ಳಗೆ ಹೊಳೆಯೋದು ತಲೆಬುರುಡೆ. ನಡುವೆ ಚಿಟ್ಟೆ ಆಕಾರದಲ್ಲಿ ಕಪ್ಪಗೆ ಕಾಣೋದು ಕಾಯಿಲೆ ಅಲ್ಲ, ಅದು ನೀರು ತುಂಬಿದ ಕೋಣೆಗಳು, ಎಲ್ಲರಿಗೂ ಇರುತ್ತೆ. ರಕ್ತ ನಿಂತು ಸತ್ತ ಭಾಗ ಮಬ್ಬು ಕಪ್ಪಾಗಿ, ಹೆಚ್ಚಾಗಿ ಹೊರಗೆ ಅಗಲ ಒಳಗೆ ಚೂಪಾಗಿ ಕಾಣುತ್ತೆ. ನಾಳ ಒಡೆದು ರಕ್ತ ಸೋರಿದ್ದರೆ ಬೆಳ್ಳಗೆ ಕಾಣ್ತಿತ್ತು. ಸ್ಟ್ರೋಕ್ ಆದ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಏನೂ ಕಾಣದೇನೂ ಇರಬಹುದು. "ಸ್ಕ್ಯಾನ್ ನಾರ್ಮಲ್ ಇದೆ, ಮನೆಗೆ ಕರಕೊಂಡು ಹೋಗ್ತೀವಿ" ಅಂತ ಜಗಳ ಆಡೋರಿಗೆ ನಾನು ಹೇಳೋದು ಇದನ್ನೇ. ಆಗ ಸ್ಕ್ಯಾನ್ ಮಾಡೋದು ರಕ್ತ ಸೋರಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಸೋರಿದ್ರೆ ಆ ಕರಗಿಸೋ ಇಂಜೆಕ್ಷನ್ ಕೊಡೋ ಹಾಗಿಲ್ಲ. ಕೊಡೋದಾದ್ರೆ ನಾಲ್ಕೂವರೆ ಗಂಟೆಯೊಳಗೆ. ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯ್ತವೆ ಅನ್ನೋ ಅಂದಾಜಿದೆ. ಒಟ್ಟು ಇರೋದು ಸುಮಾರು 8,600 ಕೋಟಿ, ನಿಜ. ಹಾಗಂತ ಬೆಟ್ಟದ ರಸ್ತೆಯಲ್ಲಿ ಕಾಯೋಕಾಗುತ್ತಾ? ಬಾಯಿ ವಾಲಿದ್ದು ಕಂಡ ತಕ್ಷಣ ಗಾಡಿ ಹತ್ತಬೇಕು. ಓದುತ್ತಿರೋ ಬೇರೆಯವರಿಗೆ ಹೇಳ್ತಿದೀನಿ.

ಇನ್ನೊಂದು. ಬೆಂಗಳೂರಿಗೆ ಹೋದರೆ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ, ಜನರಿಗೂ ಪ್ರವೇಶ ಇದೆ. ಸ್ಟ್ರೋಕ್ ಆದ ಮೆದುಳು, ಗಡ್ಡೆ ಬೆಳೆದ ಮೆದುಳು ಎಲ್ಲ ಸಾಲಾಗಿ ಇಟ್ಟಿದ್ದಾರೆ. ನಿಜವಾದ ಮೆದುಳನ್ನು ಮುಟ್ಟಿ ನೋಡೋ ಅವಕಾಶವೂ ಉಂಟು. ಫಾರ್ಮಲಿನ್‌ನಲ್ಲಿ ಇಟ್ಟಿದ್ದರಿಂದ ಗಟ್ಟಿ ಆಗಿರುತ್ತೆ, ಜೀವ ಇರೋವಾಗ ಅದು ತುಂಬಾ ಮೆತ್ತಗೆ. ದಿನ, ಹೊತ್ತು ಮೊದಲೇ ವಿಚಾರಿಸಿಕೊಂಡು ಹೋಗಿ. ನಿಮ್ಮ ಅತ್ತೆ, ಚಿಕ್ಕಪ್ಪ ಇಬ್ಬರನ್ನೂ ಕರಕೊಂಡು ಹೋಗಿ ಅನ್ನೋದು ನನ್ನ ಸಲಹೆ.

ಒಂಟಿಕೊಪ್ಪಲಿನಾಕೆ

ಅಳುವಿನ ವಿಷಯ ಮೊದಲು, ಇದನ್ನು ಮರೆಯದೆ ವೈದ್ಯರಿಗೆ ಹೇಳಿ. ಇದರಲ್ಲಿ ಎರಡು ಇರಬಹುದು. ಒಂದು ನಿಜವಾದ ದುಃಖ, ಖಿನ್ನತೆ. ಅಷ್ಟು ಮಾತಿನ ಮನುಷ್ಯನಿಗೆ ಬರದಿದ್ದರೇ ಆಶ್ಚರ್ಯ. ಇನ್ನೊಂದು, ಅಳು ನಗುವಿಗೆ ಹಾಕಿದ ಕಡಿವಾಣ ಸ್ಟ್ರೋಕ್‌ನಿಂದ ಸಡಿಲವಾಗುವುದು. ಮನಸ್ಸಿನಲ್ಲಿ ಅಷ್ಟು ದುಃಖ ಇರಲ್ಲ, ಆದರೆ ಶುರುವಾದ ಅಳು ನಿಲ್ಲಲ್ಲ. ಟಿವಿ ಬಹುಮಾನಕ್ಕೆ ಅಳು ಅಂದಿರಲ್ಲ, ಅದು ಈ ಎರಡನೆಯದರ ಹಾಗಿದೆ. ಎರಡಕ್ಕೂ ಔಷಧಿ ಇದೆ. ಅಳುವಾಗ ಎಲ್ಲರೂ ಸುತ್ತ ನಿಂತು ಸಮಾಧಾನ ಮಾಡುವುದಕ್ಕಿಂತ ಸುಮ್ಮನೆ ಬೇರೆ ವಿಷಯಕ್ಕೆ ಹೊರಳಿಸಿ.

ತುಳುವೋ ಕನ್ನಡವೋ? ಎರಡೂ. ಇದರ ಬಗ್ಗೆ ಹಳೆಯ ಎರಡು ವಾದಗಳಿವೆ. ಮೊದಲು ಕಲಿತ ಭಾಷೆ ಮೊದಲು ತಿರುಗಿ ಬರುತ್ತದೆ ಅಂತ ಫ್ರಾನ್ಸಿನ ರಿಬೋ 1881ರಲ್ಲಿ ಹೇಳಿದ. ಅಲ್ಲ, ಪೆಟ್ಟಾಗುವ ಹೊತ್ತಿಗೆ ಹೆಚ್ಚು ಬಳಕೆಯಲ್ಲಿದ್ದದ್ದು ಮೊದಲು ಬರುತ್ತದೆ ಅಂತ ಪಿತ್ರ್ 1895ರಲ್ಲಿ ಹೇಳಿದ. ರೋಗಿಗಳು ಇಬ್ಬರ ಮಾತನ್ನೂ ಕೇಳುವುದಿಲ್ಲ! ಬಹಳ ಮಂದಿಗೆ ಎರಡೂ ಒಟ್ಟೊಟ್ಟಿಗೆ ಬರುತ್ತವೆ, ಕೆಲವರಿಗೆ ಒಂದು ಬಂದು ಇನ್ನೊಂದು ಹಿಂದೆ ಉಳಿಯುತ್ತದೆ. ಹೈದರಾಬಾದಿನಲ್ಲಿ 600ಕ್ಕೂ ಹೆಚ್ಚು ಸ್ಟ್ರೋಕ್ ರೋಗಿಗಳನ್ನು ನೋಡಿ 2016ರಲ್ಲಿ ಒಂದು ಅಧ್ಯಯನ ಬಂತು. ಎರಡು ಭಾಷೆ ಬಲ್ಲವರಲ್ಲಿ ನೂರಕ್ಕೆ 40 ಮಂದಿಗೆ ನೆನಪು, ಗಮನ ಎಲ್ಲ ಸರಿಯಾಗಿ ಉಳಿದಿತ್ತು, ಒಂದೇ ಭಾಷೆಯವರಲ್ಲಿ ನೂರಕ್ಕೆ 20 ಮಂದಿಗೆ. ಆದರೆ ಮಾತು ಹೋಗುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಭಾಷೆ ಜಾಸ್ತಿ ಬಂದರೆ ಮಾತಿಗೆ ಕವಚ ಅಂತೇನಿಲ್ಲ. ಮನೆಯಲ್ಲಿ ಅಮ್ಮ ತುಳುವಿನಲ್ಲೇ ಮಾತಾಡಲಿ, ಅಪ್ಪನಿಗೆ ಬೇಕಾದ ಮಾತೆಲ್ಲ ಅದರಲ್ಲಿದೆ. ತರಬೇತಿಗೆ ಹೋದಲ್ಲಿ ಕನ್ನಡದಲ್ಲಿ ಪರೀಕ್ಷೆ ಮಾಡುತ್ತಾರೆ, ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಅನ್ನುವ ಪರೀಕ್ಷೆ ಕನ್ನಡದಲ್ಲೂ ಇದೆ (ಮೆದುಳಿಗೆ ಪೆಟ್ಟಾಗಿ ಮಾತು ಹೋಗುವುದಕ್ಕೆ ಅಫೇಸಿಯಾ ಅನ್ನುತ್ತೇವೆ). ಆಗ ತುಳುವಿನಲ್ಲೂ ಒಮ್ಮೆ ಕೇಳಿ ನೋಡಿ ಅಂತ ನೀವೇ ಹೇಳಬೇಕು. ಕೇಳದಿದ್ದರೆ ಯಾರೂ ಮಾಡಲ್ಲ.

ಈಗ ಪದ. ಮಾವ ಬರಲಿ, ಹಾಡಲಿ. ಮನಸ್ಸಿಗೆ ಒಳ್ಳೆಯದು, ಉಸಿರಿಗೂ ಒಳ್ಳೆಯದು. ಆದರೆ ಅದೇ ಪದವನ್ನು ವರ್ಷವಿಡೀ ಹಾಡಿದರೂ "ನೀರು ಕೊಡು" ಅನ್ನುವ ಮಾತು ತಾನಾಗಿ ಹುಟ್ಟಲ್ಲ. ಪದದ ಸಾಹಿತ್ಯ ಪದದಲ್ಲೇ ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಭಜನೆ ಹಾಡುತ್ತಾರಲ್ಲ ಅಂತ ಖುಷಿಯಾಗಿ ಥೆರಪಿ ನಿಲ್ಲಿಸಿದ್ದನ್ನು ಕಂಡಿದ್ದೇನೆ. ನನಗೆ ಸಿಟ್ಟು ಬರುವುದು ಅಲ್ಲಿ.

ಹಾಡಿನ ದಾರಿಯನ್ನು ಮಾತಿಗೆ ಬಳಸುವ ಕ್ರಮ ಬೇರೆ ಇದೆ. 1973ರಲ್ಲಿ ಬಾಸ್ಟನ್‌ನಲ್ಲಿ ಶುರುವಾದದ್ದು, ಮೆಲೊಡಿಕ್ ಇಂಟೊನೇಶನ್ ಥೆರಪಿ ಅನ್ನುತ್ತಾರೆ. ಹೊಸ ಸಾಹಿತ್ಯ, ದಿನಕ್ಕೆ ಬೇಕಾದ ಪುಟ್ಟ ಮಾತು. "ನೀರು ಕೊಡು" ಅಂತಲೇ ಇಟ್ಟುಕೊಳ್ಳಿ. ಎದುರು ಕೂತು, ಅವರ ಎಡಗೈ ಹಿಡಿದು, ಒಂದೊಂದು ಅಕ್ಷರಕ್ಕೆ ಒಂದೊಂದು ಸಲ ಮೇಜಿಗೆ ತಟ್ಟಿಸಬೇಕು. ನೀ-ರು-ಕೊ-ಡು. ಸ್ವರ ಎರಡೇ, ಒಂದು ಮೇಲೆ ಒಂದು ಕೆಳಗೆ. ರಾಗ ಎಳೆಯಬೇಡಿ. ಮೊದಲು ಬರೀ ಗುನುಗು. ಆಮೇಲೆ ಇಬ್ಬರೂ ಸೇರಿ ಹೇಳುವುದು. ಆಮೇಲೆ ನೀವು ನಡುವೆ ದನಿ ನಿಲ್ಲಿಸಿ, ಅವರೊಬ್ಬರೇ ಮುಗಿಸಲಿ. ಅದು ಗಟ್ಟಿಯಾದ ಮೇಲೆ "ಏನು ಬೇಕು?" ಅಂತ ಕೇಳಿ. ಉತ್ತರ ಬಂದ ಕೂಡಲೇ ನೀರು ಕೊಡಿ, ನಿಜವಾಗಿ. ಕೊನೆಗೆ ಸ್ವರ ತೆಗೆದು ಸಾದಾ ಮಾತಿಗೆ ಇಳಿಸುವುದು. ಇದನ್ನು ಗೊತ್ತಿದ್ದವರ ಹತ್ತಿರ ಕಲಿತೇ ಮನೆಯಲ್ಲಿ ಮಾಡಿಸಿ.

ಇದು ಯಾಕೆ ಕೆಲಸ ಮಾಡುತ್ತದೆ ಅನ್ನುವುದರಲ್ಲಿ ನಮ್ಮವರಲ್ಲೇ ಜಗಳ ಇದೆ. ರಾಗದಿಂದ ಬಲ ಅರ್ಧಗೋಳ ಎಚ್ಚರವಾಗುತ್ತದೆ ಅಂತ ಒಂದು ಗುಂಪು. 2011ರಲ್ಲಿ ಜರ್ಮನಿಯ ಒಂದು ಅಧ್ಯಯನ, ರಾಗ ಮುಖ್ಯ ಅಲ್ಲ, ತಾಳ ಮತ್ತು ಬಾಯಿಪಾಠವಾದ ಮಾತು ಮುಖ್ಯ ಅಂತ ತೋರಿಸಿತು. ನನ್ನ ಮನಸ್ಸು ತಾಳದ ಕಡೆಗೇ. ನಿಮ್ಮ ಮಾವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನೂ ಥೆರಪಿಗೆ ಒಮ್ಮೆ ಕರೆದುಕೊಂಡು ಹೋಗಿ.

ಎಷ್ಟು ಬರುತ್ತದೆ ಅಂತ ಯಾರೂ ಬರೆದು ಕೊಡಲಾರರು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಚುರುಕು. ಆಗ ಗಾಯದ ಅಂಚಿನಲ್ಲಿ ಅರೆಜೀವವಾದ ಭಾಗಗಳು ಸುಧಾರಿಸುತ್ತವೆ, ಉಳಿದ ಜಾಗಗಳು ಕೆಲಸ ಹಂಚಿಕೊಳ್ಳಲು ಶುರು ಮಾಡುತ್ತವೆ. ಆಮೇಲೆ ನಿಧಾನ, ಆದರೆ ನಿಲ್ಲಲ್ಲ. ವರ್ಷಗಳಾದ ಮೇಲೂ ಹೊಸ ಶಬ್ದ ಕಲಿತವರಿದ್ದಾರೆ. ಮತ್ತೆ ಕೌರವನ ಅರ್ಥ ಹೇಳ್ತಾರಾ ಅಂದರೆ ಆ ಆಸೆ ನಾನು ಕೊಡಲಾರೆ. ಊಟಕ್ಕೆ ಏನು ಬೇಕು, ಎಲ್ಲಿ ನೋವು, ತೋಟಕ್ಕೆ ನೀರು ಬಿಟ್ಟಿರಾ, ಇಷ್ಟರ ಮಟ್ಟಿಗೆ ತಲುಪಿದವರನ್ನು ಬಹಳ ನೋಡಿದ್ದೇನೆ.

ಅಲ್ಲಿಯವರೆಗೆ ಮನೆಯವರು ಮಾಡಬೇಕಾದ್ದು ಹೀಗೆ. ಟಿವಿ ಆರಿಸಿ ಮಾತಾಡಿ. ಒಬ್ಬರೇ ಮಾತಾಡಿ, ಚಿಕ್ಕ ವಾಕ್ಯ. ಅವರು ಶಬ್ದ ಹುಡುಕುವಾಗ ಬಾಯಿ ಹಾಕಬೇಡಿ, ಕಾಯಿರಿ. "ಏನು ಬೇಕು" ಅನ್ನುವ ಬದಲು "ಚಹಾನಾ, ಕಾಫೀನಾ" ಅಂತ ಕೇಳಿ, ತೋರಿಸಲಿ. ಎಡಗೈಯಲ್ಲಿ ಚಿತ್ರ ಬರೆಯಲು ಒಂದು ಪುಸ್ತಕ ಪೆನ್ನು ಪಕ್ಕದಲ್ಲಿರಲಿ. ಮತ್ತು ಜೋರಾಗಿ ಕೂಗಿ ಮಾತಾಡಬೇಡಿ, ಅವರ ಕಿವಿಗೆ ಏನೂ ಆಗಿಲ್ಲ.